ಕದ ತಟ್ಟಿದವರು ಯಾರು?

‘ದೇವರು ಅವರನ್ನು ಕರೆದುಕೊಂಡ’ ಎಂದು ಯಾರಾದರೂ ಹೇಳಿದರೆ, ತೀರಿಕೊಂಡವರ ಸುದ್ದಿ ಅದು ಎಂದು ನಾವು ಥಟ್ಟನೆ ತಿಳಿದುಕೊಳ್ಳುತ್ತೇವೆ. ನಮ್ಮ ಆಡುಮಾತಿನಲ್ಲಿ ದೇವರ ಕರೆ ಬರುವುದು ಬಾಳಿನ ಕೊನೆಗೆ. ಕ್ರೈಸ್ತರ ಮನೆಗಳಲ್ಲಿ ಈ ಕರೆಗೆ ಇನ್ನೊಂದು ಅರ್ಥವೂ ಉಂಟು. ದೇವರು ಬದುಕಿರುವವರನ್ನೇ ಕರೆಯುತ್ತಾನೆ, ಅದೂ ಹೆಸರು ಹಿಡಿದು, ಏನಾದರೊಂದು ಕೆಲಸಕ್ಕಾಗಿ. ಆ ಕರೆ ಕೇಳಿಸುವುದು ಹೇಗೆ? ಗುಡುಗಿನಲ್ಲಿಯೆ? ಕನಸಿನಲ್ಲಿಯೆ? ಚಿಕ್ಕಂದಿನಲ್ಲಿ ನಾನು ಹಾಗೆಯೇ ಎಣಿಸಿದ್ದೆ. ಈಗ ಹಾಗೆನ್ನಿಸುವುದಿಲ್ಲ. ಏಕೆಂಬುದನ್ನು ಓದುಗರ ಮುಂದಿಡುತ್ತೇನೆ.

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಬಾಲಕ ಸಮುವೇಲನ ಕಥೆ ಬರುತ್ತದೆ. ತಾಯಿ ಹನ್ನಳು ಹರಕೆ ಹೊತ್ತು ಹೆತ್ತ ಮಗ ಅವನು. ಶೀಲೋ ಎಂಬ ಊರಿನ ದೇವಾಲಯದಲ್ಲಿ ಮುದಿ ಯಾಜಕ ಏಲಿಯ ಕೈಕೆಳಗೆ ಊಳಿಗದಲ್ಲಿದ್ದ. ಏಲಿಗೆ ಕಣ್ಣು ಮಂಜಾಗಿತ್ತು. ಒಂದು ರಾತ್ರಿ ಮಲಗಿದ್ದ ಹುಡುಗನಿಗೆ ಯಾರೋ ಕೂಗಿದಂತಾಯಿತು. ಮುದುಕನೇ ಕರೆದನೆಂದು ಎದ್ದು ಓಡಿದ. ‘ನಾನು ಕರೆಯಲಿಲ್ಲ, ಹೋಗಿ ಮಲಗು’ ಎಂದ ಏಲಿ. ಹೀಗೆ ಮೂರು ಸಲ ಆಯಿತು. ಮೂರನೆಯ ಸಲ ಏಲಿಗೆ ಹೊಳೆಯಿತು, ಕರೆಯುತ್ತಿರುವವನು ದೇವರೆಂದು. ನಾಲ್ಕನೆಯ ಕರೆಗೆ ಹೇಗೆ ಉತ್ತರ ಕೊಡಬೇಕೆಂಬುದನ್ನು ಅವನೇ ಹುಡುಗನಿಗೆ ಹೇಳಿಕೊಟ್ಟ.

ಮೂರು ಸಲವೂ ಸಮುವೇಲ ತಪ್ಪು ತಿಳಿದುಕೊಂಡನಲ್ಲವೆ ಎಂದು ಕೇಳಬಹುದು. ತಪ್ಪು ತಿಳಿದುಕೊಂಡದ್ದು ನಿಜ, ಆದರೆ ಸುಮ್ಮನೆ ಮಲಗಲಿಲ್ಲ. ಕಣ್ಣು ಕಾಣದ ಮುದುಕನು ಕರೆದಾಗ ನಿದ್ದೆ ಬಿಟ್ಟೇಳುವುದು ಅವನ ದಿನದಿನದ ರೂಢಿ. ಆ ರೂಢಿ ಇಲ್ಲದ ಹುಡುಗನಾಗಿದ್ದರೆ ದೇವರು ಕರೆದಾಗಲೂ ಮಗ್ಗುಲು ಬದಲಿಸಿ ಮಲಗುತ್ತಿದ್ದನೋ ಏನೋ! ಅಂತಹ ರಾತ್ರಿ ಕಳೆದು ಬೆಳಗಾದಾಗ ಅವನು ಮಾಡಿದ್ದೇನು? ಎಂದಿನಂತೆ ದೇವಾಲಯದ ಕದಗಳನ್ನು ತೆರೆದ.

ಇನ್ನು ನಮ್ಮ ನೆರೆಯ ತಮಿಳುನಾಡಿನಲ್ಲಿಯೇ ನಡೆದ ಪ್ರಸಂಗವೊಂದನ್ನು ನೋಡೋಣ. ಐಡಾ ಸ್ಕಡರ್ ಹುಟ್ಟಿದ್ದು 1870ರಲ್ಲಿ, ರಾಣಿಪೇಟೆಯಲ್ಲಿ. ಅಜ್ಜ ಮಿಷನರಿ ವೈದ್ಯ, ತಂದೆಯೂ ಮಿಷನರಿ ವೈದ್ಯ. ಅಮೆರಿಕದಲ್ಲಿ ಓದಿದ ಹುಡುಗಿಗೆ ಮಾತ್ರ ಈ ಬಿಸಿಲು, ಈ ಬಡತನ, ಈ ಬಾಳು ಬೇಡವಾಗಿತ್ತು. ತಾಯಿಗೆ ಕಾಯಿಲೆಯೆಂದು ತಿಂಡಿವನಕ್ಕೆ ಬಂದಿದ್ದಳು. ಬೇಗ ಹಿಂದಿರುಗಬೇಕೆಂಬುದೇ ಅವಳ ಮನಸ್ಸು.

ಒಂದು ರಾತ್ರಿ ಬ್ರಾಹ್ಮಣನೊಬ್ಬ ಬಂದು ಬಾಗಿಲಲ್ಲಿ ನಿಂತ. ಹೆಂಡತಿಗೆ ಹೆರಿಗೆ ಕಷ್ಟವಾಗಿದೆ, ಬರಬೇಕು ಎಂದ. ‘ನಾನು ವೈದ್ಯಳಲ್ಲ, ತಂದೆಯವರು ಬರುತ್ತಾರೆ’ ಎಂದಳು ಐಡಾ. ಪರಗಂಡಸು ನೋಡಕೂಡದೆಂದು ಆತ ಹಿಂದಿರುಗಿದ. ಅದೇ ರಾತ್ರಿ ಮುಸಲ್ಮಾನನೊಬ್ಬ ಬಂದ. ಅದೇ ಬೇಡಿಕೆ, ಅದೇ ಉತ್ತರ. ಆಮೇಲೆ ಮೂರನೆಯವನು ಬಂದ, ಅವನೂ ಬರಿಗೈಯಲ್ಲಿ ಹೋದ. ಹುಡುಗಿಗೆ ನಿದ್ದೆ ಹತ್ತಲಿಲ್ಲ. ಬೆಳಗಿಗೆ ಊರಿನಲ್ಲಿ ಸಾವಿನ ಡೋಲು ಕೇಳಿಸಿತು. ಆಳನ್ನು ಕಳುಹಿಸಿ ವಿಚಾರಿಸಿದರೆ, ಮೂವರು ಹೆಂಗಸರೂ ತೀರಿಕೊಂಡಿದ್ದರು. ಅದನ್ನೇ ಅವಳು ದೇವರ ಕರೆಯೆಂದು ತಿಳಿದಳು.

ಆದರೆ ಅಂದೇ ಅವಳು ಏನನ್ನೂ ಮಾಡಲಾಗಲಿಲ್ಲ. ಆ ಮೂವರು ಮರಳಿ ಬರಲಿಲ್ಲ. ಮರಳಿ ಅಮೆರಿಕಕ್ಕೆ ಹೋಗಿ, ವರ್ಷಗಟ್ಟಲೆ ಓದಿ, 1899ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯ ಪದವಿ ಪಡೆದಳು. 1900ರಲ್ಲಿ ವೆಲ್ಲೂರಿಗೆ ಬಂದು ಒಂದೇ ಒಂದು ಹಾಸಿಗೆಯಿಂದ ಕೆಲಸ ಮೊದಲಿಟ್ಟಳು. 1902ರಲ್ಲಿ 40 ಹಾಸಿಗೆಗಳ ಆಸ್ಪತ್ರೆಯಾಯಿತು. 1909ರಲ್ಲಿ ದಾದಿಯರ ಶಾಲೆ, 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯ ಶಾಲೆ. 1947ರಿಂದ ಗಂಡುಮಕ್ಕಳಿಗೂ ಅಲ್ಲಿ ಪ್ರವೇಶ ದೊರೆಯಿತು. 1960ರಲ್ಲಿ ಕೊಡೈಕನಾಲಿನಲ್ಲಿ ಡಾಕ್ಟರ್ ಐಡಾ ಕಣ್ಣು ಮುಚ್ಚಿದಾಗ ಅವರಿಗೆ 89 ವರ್ಷ. ಇಂದು ‘ವೆಲ್ಲೂರಿಗೆ ತೋರಿಸಿಕೊಂಡು ಬಂದೆವು’ ಎನ್ನುವ ಕನ್ನಡಿಗರು ಎಷ್ಟು ಮಂದಿ! ಅದರ ಹಿಂದಿರುವುದು ಮೂರು ಸಲ ಕದ ತಟ್ಟಿದ ಸದ್ದು.

ಹಾಗಾದರೆ ಕರೆ ಬಂದವರೆಲ್ಲ ಆಸ್ಪತ್ರೆ ಕಟ್ಟಬೇಕೆ? ಹಾಗೇನೂ ಇಲ್ಲ. ಕನ್ನಡಿಗರಾದ ನಾವು ಕಿಟ್ಟೆಲರನ್ನು ಮರೆಯಲಾಗದು. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನ ಕೆಲಸಕ್ಕೆಂದು ಕನ್ನಡ ನಾಡಿಗೆ ಬಂದರು. ಬಂದದ್ದು ಸುವಾರ್ತೆ ಸಾರಲು. ಉಳಿದದ್ದು ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟು. 1894ರಲ್ಲಿ ಅದು ಮಂಗಳೂರಿನಲ್ಲಿ ಅಚ್ಚಾಯಿತು. ಹಳಗನ್ನಡ ಕಾವ್ಯಗಳಿಂದ, ಗಾದೆಗಳಿಂದ, ಜನರ ಬಾಯಿಮಾತಿನಿಂದ ಒಂದೊಂದೇ ಶಬ್ದವನ್ನು ಹೆಕ್ಕಿ, ವರ್ಷಾನುಗಟ್ಟಲೆ ಮೇಜಿನ ಮುಂದೆ ಕುಳಿತು ಮಾಡಿದ ಕೆಲಸ ಅದು. ಅವರ ತಾಯ್ನುಡಿಯಾದ ಜರ್ಮನಿನಲ್ಲಿ ಉದ್ಯೋಗಕ್ಕೆ ‘ಬೆರೂಫ್’ ಎನ್ನುತ್ತಾರೆ. ಅದರ ಮೂಲದಲ್ಲಿರುವುದು ‘ಕರೆ’ ಎಂಬ ಮಾತೇ. 16ನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಎತ್ತಿ ಹೇಳಿದ ವಿಚಾರವಿದು: ದೇವರ ಕರೆ ಸಂನ್ಯಾಸಿಗಳಿಗೆ, ಪಾದ್ರಿಗಳಿಗೆ ಮಾತ್ರ ಮೀಸಲಲ್ಲ, ಮಗುವನ್ನು ಸಾಕುವ ತಾಯಿಗೂ, ಮನೆಗೆಲಸದ ಆಳಿಗೂ ಅದು ಉಂಟು.

ಮನಸ್ಸಿಗೆ ಬಂದದ್ದೆಲ್ಲ ಕರೆಯೆ ಎಂದು ಕೇಳಿದರೆ, ಅಲ್ಲ. ಅದಕ್ಕಾಗಿಯೇ ಕ್ರೈಸ್ತರು ಪ್ರಾರ್ಥನೆ ಮಾಡುತ್ತಾರೆ, ವೇದ ಓದುತ್ತಾರೆ, ಹಿರಿಯರನ್ನು ಕೇಳುತ್ತಾರೆ. ಸಮುವೇಲನಿಗೂ ಒಬ್ಬ ಏಲಿ ಬೇಕಾದನು. ನಮ್ಮ ಹೆಸರನ್ನು ಮೆರೆಸುವ ಆಸೆಯೂ ಕರೆಯ ವೇಷ ತೊಟ್ಟು ಬರುವುದುಂಟು. ಇನ್ನೊಬ್ಬರ ಅಗತ್ಯ ಅದರಲ್ಲಿ ಕಾಣದಿದ್ದರೆ ಎಚ್ಚರದಿಂದಿರುವುದು ಮೇಲು.

ಇಷ್ಟೆಲ್ಲ ತಿಳಿದವನಂತೆ ಬರೆಯುತ್ತಿರುವ ನಾನು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ, ಮುಂಬಯಿಯ ನಮ್ಮ ಕಟ್ಟಡದಲ್ಲಿ ಹುಬ್ಬಳ್ಳಿ ಕಡೆಯ ವೃದ್ಧರೊಬ್ಬರು ಮಗನ ಮನೆಗೆ ಬಂದು ಇದ್ದರು. ಕನ್ನಡವೊಂದನ್ನು ಬಿಟ್ಟು ಬೇರೆ ಭಾಷೆ ಬಾರದು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಸಂಜೆ ನಮ್ಮ ಬಾಗಿಲಿಗೆ ಬಂದು, “ಕೆಲಸದಾಗ ಇದ್ದೀರೇನ್ರೀ?” ಎಂದು ಕೇಳುವರು. ಒಂದು ವಾರವೆಲ್ಲ ನಾನು ಭಾನುವಾರದ ಕೂಟಕ್ಕೆ ಭಾಷಣ ಸಿದ್ಧಪಡಿಸುತ್ತಿದ್ದೆ. “ಹೌದ್ರೀ ಅಜ್ಜಾ, ನಾಳೆ ಬರ್ರಿ” ಎಂದೆ. ಮರುದಿನವೂ ಅದನ್ನೇ ಹೇಳಿದೆ. “ಆಗಲಿ ತಗೋರಿ” ಎಂದು ಅವರು ಮೆಲ್ಲನೆ ಮೆಟ್ಟಿಲಿಳಿದು ಹೋದರು.

ಭಾಷಣವೇನೋ ಚೆನ್ನಾಯಿತು. ಸೋಮವಾರ ಅಜ್ಜನ ಮನೆಗೆ ಹೋದೆ. ಮಗ ಹೇಳಿದರು: “ಅಪ್ಪಗ ಇಲ್ಲಿ ಹೊಂದಲಿಲ್ರೀ. ಮಾತಾಡಾಕ ಯಾರೂ ಇಲ್ಲ ಅಂತ ನಿನ್ನೆ ಊರಿಗೆ ಹೋದ್ರು.”

ಆ ಭಾಷಣದ ವಿಷಯ ‘ದೇವರ ಕರೆ’.

ಅಜ್ಜ ಮತ್ತೆ ಈ ಊರಿಗೆ ಬರಲಿಲ್ಲ. ಅಂದಿನಿಂದ ಸಂಜೆ ಯಾರಾದರೂ ಕದ ತಟ್ಟಿದರೆ ಕೈಯಲ್ಲಿರುವುದನ್ನು ಕೆಳಗಿಟ್ಟು ಏಳುವುದನ್ನು ಕಲಿಯುತ್ತಿದ್ದೇನೆ. ಬಹಳ ಸಲ ಬಂದವರು ಹಾಲಿನವರೋ, ಸಕ್ಕರೆ ಕೇಳಲು ಬಂದ ನೆರೆಮನೆಯ ಹುಡುಗಿಯೋ ಆಗಿರುತ್ತಾರೆ. ಆದರೂ ಬಾಗಿಲು ತೆರೆಯದೆ ಬಂದವರು ಯಾರೆಂದು ತಿಳಿಯುವುದು ಹೇಗೆ?