ಕೇಳದೆ ಮುರಿದುಕೊಂಡ ಹಣ

ಪಿಂಚಣಿ ಬರುವ ವಾರದಲ್ಲಿ ಕಾರ್ಗಲ್ಲಿನಲ್ಲಿ ಬ್ಯಾಂಕಿಗೆ ಹೋದವರು ಪಾಸುಪುಸ್ತಕವನ್ನು ಯಂತ್ರದ ಬಾಯಿಗೆ ಕೊಡುತ್ತಾರೆ. ಅದು ಕಿರ್ರೆಂದು ಅಚ್ಚೊತ್ತಿ ಪುಸ್ತಕವನ್ನು ಹೊರಕ್ಕೆ ತಳ್ಳಿದೊಡನೆ ಎಲ್ಲರ ಕಣ್ಣೂ ಕೊನೆಯ ಸಾಲಿಗೆ ಹೋಗುತ್ತದೆ. ಉಳಿಕೆ ಎಷ್ಟೆಂದು ತಿಳಿದರೆ ಸಾಕು, ಪುಸ್ತಕ ಚೀಲ ಸೇರುತ್ತದೆ. ಹೊರಗೆ ಮಳೆ, ಸಾಗರದ ಬಸ್ಸಿಗೂ ಹೊತ್ತಾಯಿತು. ಮೇಲಿನ ಸಾಲುಗಳನ್ನು ಓದುವ ವ್ಯವಧಾನ ಯಾರಿಗಿದೆ? ಆದರೆ ಇಂದು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಆ ಮೇಲಿನ ಸಾಲುಗಳನ್ನು ಕುರಿತೇ.

ಅಲ್ಲಿ 436 ರೂಪಾಯಿ, ಇಲ್ಲಿ 20 ರೂಪಾಯಿ, ಇನ್ನೊಂದೆಡೆ 118 ರೂಪಾಯಿ ಎಂದು ಸಣ್ಣಸಣ್ಣ ಮೊತ್ತಗಳು ಖರ್ಚಿನ ಕಲಮಿನಲ್ಲಿ ಕುಳಿತಿರುತ್ತವೆ. ಪಕ್ಕದಲ್ಲಿ ಅಕ್ಷರಗಳ ಒಂದು ಗುಂಪು. ಅದನ್ನು ಬಿಡಿಸಿ ಹೇಳುವವರಿಲ್ಲ. ಇವುಗಳಲ್ಲಿ ಕೆಲವು ನ್ಯಾಯವಾದವು. ಕೆಲವು, ನೀವು ಕೇಳದೆಯೇ ನಿಮಗೆ ಮಾರಿದ ಸರಕಿನ ಬೆಲೆ. ಎರಡನೆಯ ಬಗೆಯದನ್ನು ವಾಪಸು ಕೇಳಬಹುದು.

ಕಾರ್ಗಲ್ಲಿನಂತಹ ಊರಿಗೆ ಈ ವಿಷಯ ವಿಶೇಷವಾಗಿ ತಾಕುತ್ತದೆ. ಶರಾವತಿಯ ಕೆಲಸದಿಂದ ಬೆಳೆದ ಊರು ಇದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ವಿದ್ಯುದಾಗಾರಗಳ ಕೆಲಸಕ್ಕೆ ಬಂದವರು ಇಲ್ಲಿಯೇ ಸಂಸಾರ ಹೂಡಿದರು. ಸಂಬಳದ ಊರೆಂದ ಮೇಲೆ ಸಂಬಳದ ಖಾತೆಗಳೂ ಬಂದವು. ‘ಸ್ಯಾಲರಿ ಪ್ಯಾಕೇಜ್’ ಎಂದು ಬ್ಯಾಂಕುಗಳು ಕರೆಯುವ ಈ ಖಾತೆ ಒಂದು ಗಂಟು ಇದ್ದಂತೆ. ಕನಿಷ್ಠ ಶಿಲ್ಕು ಇಡಬೇಕಿಲ್ಲ, ಕಾರ್ಡಿಗೆ ಶುಲ್ಕವಿಲ್ಲ, ಅಪಘಾತ ವಿಮೆ ಉಂಟು. ಸಂಬಳ ಬರುತ್ತಿರುವಷ್ಟು ಕಾಲ ಗಂಟು ಭದ್ರವಾಗಿರುತ್ತದೆ. ನಿವೃತ್ತಿಯಾಗಿಯೋ ವರ್ಗವಾಗಿಯೋ ಕೆಲವು ತಿಂಗಳು ಸಂಬಳ ಬಾರದೆ ಹೋದರೆ ಅನೇಕ ಬ್ಯಾಂಕುಗಳಲ್ಲಿ ಅದು ಸದ್ದಿಲ್ಲದೆ ಸಾಮಾನ್ಯ ಉಳಿತಾಯ ಖಾತೆಯಾಗಿ ಮಾರ್ಪಡುತ್ತದೆ. ಆಗ ವಿಮೆ ಹೋಯಿತು, ಶುಲ್ಕಗಳು ಬಂದವು. ಖಾತೆದಾರನಿಗೆ ಮಾತ್ರ ತನ್ನದು ಹಳೆಯ ಖಾತೆಯೇ ಎಂಬ ನಂಬಿಕೆ.

ಬ್ಯಾಂಕುಗಳ ವಿಲೀನವೂ ಈ ಗೊಂದಲಕ್ಕೆ ಕೂಡಿಕೊಂಡಿತು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕನ್ನು ಸೇರಿತು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡವನ್ನೂ, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕನ್ನೂ ಸೇರಿದವು. ಎರಡು ಬ್ಯಾಂಕುಗಳಲ್ಲಿ ಒಂದೊಂದು ಖಾತೆ ಇಟ್ಟಿದ್ದವರಿಗೆ ಒಂದೇ ಬ್ಯಾಂಕಿನಲ್ಲಿ ಎರಡು ಖಾತೆಗಳಾದವು. ಎರಡರಲ್ಲಿಯೂ ಒಂದೇ ವಿಮೆಯ ಕಂತು ಹೋಗುತ್ತಿದ್ದರೆ ಆಶ್ಚರ್ಯವಿಲ್ಲ.

ಮೊದಲು ಆ 436 ಮತ್ತು 20ನ್ನು ನೋಡೋಣ. ಇವು 2015ರ ಮೇ ತಿಂಗಳಿನಲ್ಲಿ ಆರಂಭವಾದ ಎರಡು ಸರ್ಕಾರಿ ಯೋಜನೆಗಳ ವರ್ಷದ ಕಂತುಗಳು. ಜೀವನ ಜ್ಯೋತಿ ಬಿಮಾ ಯೋಜನೆಗೆ ಮೊದಲು 330 ರೂಪಾಯಿ ಇದ್ದದ್ದು 2022ರ ಜೂನ್ 1ರಿಂದ 436 ಆಯಿತು. ಸುರಕ್ಷಾ ಬಿಮಾ ಯೋಜನೆಯ 12 ರೂಪಾಯಿ 20 ಆಯಿತು. ಮೊದಲನೆಯದರಲ್ಲಿ ಯಾವ ಕಾರಣದಿಂದ ಮರಣ ಸಂಭವಿಸಿದರೂ, ಎರಡನೆಯದರಲ್ಲಿ ಅಪಘಾತದಿಂದ ಮರಣವಾದರೆ, ಎರಡು ಲಕ್ಷ ರೂಪಾಯಿ ಮನೆಯವರಿಗೆ ಸಲ್ಲುತ್ತದೆ. ಯೋಜನೆಗಳು ಒಳ್ಳೆಯವು. ಇಪ್ಪತ್ತು ರೂಪಾಯಿಗೆ ಇಂತಹ ರಕ್ಷಣೆ ಬೇರೆಲ್ಲಿಯೂ ಸಿಗಲಾರದು. ಸಿಟ್ಟಿನಲ್ಲಿ ಅದನ್ನು ನಿಲ್ಲಿಸಬೇಡಿರೆಂದೇ ನನ್ನ ಸಲಹೆ.

ಆದರೆ ಎರಡಕ್ಕೂ ಖಾತೆದಾರನ ಒಪ್ಪಿಗೆ ಬೇಕು. ಒಪ್ಪಿಗೆ ಪತ್ರವಿಲ್ಲದೆ ಕಂತು ಮುರಿದುಕೊಂಡರೆಂಬ ದೂರುಗಳು ದೇಶದ ಅನೇಕ ಕಡೆಗಳಿಂದ ಬಂದಿವೆ. ಇನ್ನೂ ಮುಖ್ಯವಾದದ್ದು ವಯಸ್ಸು. ಜೀವನ ಜ್ಯೋತಿಗೆ 18ರಿಂದ 50 ವರ್ಷದೊಳಗೆ ಸೇರಬೇಕು. ರಕ್ಷಣೆ 55ಕ್ಕೆ ಮುಗಿಯುತ್ತದೆ. ಹೀಗಿರುವಾಗ ಅರವತ್ತೆರಡು ವರ್ಷದ ಪಿಂಚಣಿದಾರರೊಬ್ಬರ ಖಾತೆಯಿಂದ 436 ರೂಪಾಯಿ ಹೋಗಿದೆ ಎಂದಿಟ್ಟುಕೊಳ್ಳಿ. ಅವರು ಕೊಟ್ಟದ್ದು ವಿಮೆಗೆ ಅಲ್ಲ, ಬರಿಯ ಭ್ರಮೆಗೆ. ನಾಳೆ ಮನೆಯವರು ಪಾಸುಪುಸ್ತಕ ಹಿಡಿದು ಹೋದರೆ ಎರಡು ಲಕ್ಷ ಸಿಗುವುದಿಲ್ಲ. ಎರಡು ಖಾತೆಗಳಿಂದ ಎರಡು ಕಂತು ಕಟ್ಟಿದರೂ ಪರಿಹಾರ ಒಂದೇ. ಹೆಚ್ಚಿನ ಕಂತು ಮುಟ್ಟುಗೋಲಾಗಬಹುದೆಂದು ನಿಯಮದಲ್ಲಿಯೇ ಇದೆ. ಆದರೆ ಒಪ್ಪಿಗೆ ಪತ್ರವೇ ಇಲ್ಲದೆ ಮುರಿದುಕೊಂಡಿದ್ದರೆ ಅದಕ್ಕೆ ಜವಾಬು ಹೇಳಬೇಕಾದದ್ದು ಬ್ಯಾಂಕು.

ವಿಲಾಯತಿಯಲ್ಲಿ ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಅಲ್ಲಿನ ಬ್ಯಾಂಕುಗಳು ಪ್ರವಾಸದ ವಿಮೆ, ದೂರವಾಣಿಯ ವಿಮೆ, ಕಾರು ಕೆಟ್ಟು ನಿಂತರೆ ನೆರವು, ಇವೆಲ್ಲವನ್ನೂ ಖಾತೆಯೊಡನೆ ಕಟ್ಟಿ ತಿಂಗಳ ಶುಲ್ಕಕ್ಕೆ ಮಾರಿದವು. ಕಾರೇ ಇಲ್ಲದವರೂ, ವಿಮೆಯ ವಯೋಮಿತಿ ದಾಟಿದವರೂ ಶುಲ್ಕ ಕೊಡುತ್ತ ಹೋದರು. 2013ರ ಮಾರ್ಚ್ 31ರಿಂದ, ಗ್ರಾಹಕನಿಗೆ ಆ ವಿಮೆ ಸಲ್ಲುತ್ತದೆಯೇ ಎಂದು ಬ್ಯಾಂಕೇ ವಿಚಾರಿಸಬೇಕೆಂದು ಅಲ್ಲಿ ನಿಯಮ ಬಂದಿತು. ಹಳೆಯ ಶುಲ್ಕವನ್ನು ಎಷ್ಟೋ ಮಂದಿ ಬರೆದು ಕೇಳಿ ವಾಪಸು ಪಡೆದರು.

ನಮ್ಮಲ್ಲಿಯೂ ಅಂತಹ ಆಧಾರವಿಲ್ಲದೆ ಇಲ್ಲ. ರಿಸರ್ವ್ ಬ್ಯಾಂಕು 2014ರ ಡಿಸೆಂಬರಿನಲ್ಲಿ ಗ್ರಾಹಕರ ಹಕ್ಕುಗಳ ಸನ್ನದನ್ನು ಹೊರಡಿಸಿತು. ಅದರಲ್ಲಿರುವ ಐದು ಹಕ್ಕುಗಳಲ್ಲಿ ಒಂದು, ಗ್ರಾಹಕನ ಅಗತ್ಯಕ್ಕೂ ಪರಿಸ್ಥಿತಿಗೂ ಹೊಂದುವಂಥದ್ದನ್ನೇ ಅವನಿಗೆ ಮಾರಬೇಕೆಂಬುದು. ಒಂದು ಸೇವೆ ಕೊಡಬೇಕಾದರೆ ಮತ್ತೊಂದು ಕಂಪೆನಿಯ ವಿಮೆಯನ್ನು ಕೊಳ್ಳಲೇಬೇಕೆಂದು ಒತ್ತಾಯಿಸಕೂಡದು ಎಂದೂ ಅಲ್ಲಿ ಹೇಳಿದೆ.

ಇನ್ನು ಕನಿಷ್ಠ ಶಿಲ್ಕಿನ ದಂಡ. ಸರ್ಕಾರಿ ವಲಯದ ಬ್ಯಾಂಕುಗಳು 2019-20ರಿಂದ ಐದು ವರ್ಷಗಳಲ್ಲಿ ಈ ಬಾಬಿನಿಂದ ಸುಮಾರು 8,500 ಕೋಟಿ ರೂಪಾಯಿ ವಸೂಲು ಮಾಡಿದುದಾಗಿ ಸಂಸತ್ತಿಗೆ ತಿಳಿಸಲಾಯಿತು. ಸ್ಟೇಟ್ ಬ್ಯಾಂಕು 2020ರ ಮಾರ್ಚಿನಲ್ಲಿಯೂ, ಕೆನರಾ ಬ್ಯಾಂಕು 2025ರ ಜೂನ್ 1ರಿಂದಲೂ ಉಳಿತಾಯ ಖಾತೆಗಳಿಗೆ ಈ ದಂಡವನ್ನು ಬಿಟ್ಟುಕೊಟ್ಟವು. ದಂಡ ಹಾಕುವ ಬ್ಯಾಂಕಾದರೂ ಮೊದಲು ನಿಮಗೆ ತಿಳಿಸಿ, ಶಿಲ್ಕು ತುಂಬಲು ಒಂದು ತಿಂಗಳು ಅವಕಾಶ ಕೊಡಬೇಕು. ಕೊರತೆ ಎಷ್ಟೋ ಅದಕ್ಕೆ ತಕ್ಕಂತೆ ಮಾತ್ರ ದಂಡ. ದಂಡದ ದೆಸೆಯಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಇಳಿಯಕೂಡದು. ಇದು 2015ರ ಏಪ್ರಿಲ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ಆದೇಶ. ಸೂಚನೆ ಬಂದಿರಲಿಲ್ಲವೆಂದಾದರೆ ಹಣವನ್ನು ಹಿಂದಕ್ಕೆ ಕೇಳಲು ಅಷ್ಟೇ ಸಾಕಾದ ಕಾರಣ. ನೂರು ರೂಪಾಯಿ ಶುಲ್ಕಕ್ಕೆ ಹದಿನೆಂಟು ರೂಪಾಯಿ ಜಿಎಸ್‌ಟಿ ಸೇರಿ 118 ಆಗಿರುತ್ತದೆ. ಕೇಳುವಾಗ ಆ ಹದಿನೆಂಟನ್ನೂ ಸೇರಿಸಿಯೇ ಕೇಳಿ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಬೇರೆ ಕಡೆ. ಠೇವಣಿಯ ಅವಧಿ ಮುಗಿದಿದೆ. ನವೀಕರಿಸಲು ಹೋದ ಹಿರಿಯರಿಗೆ ಕೌಂಟರಿನಾಚೆಯಿಂದ, “ಯಜಮಾನ್ರೇ, ಇದಕ್ಕಿಂತ ಒಳ್ಳೆಯದೊಂದು ಸ್ಕೀಮ್ ಇದೆ, ಇಲ್ಲಿ ಸೈನ್ ಹಾಕಿ” ಎಂಬ ವಿನಯದ ಮಾತು. ಬರೆಹ ಇಂಗ್ಲಿಷಿನಲ್ಲಿ. ಎರಡು ದಿನದ ಮೇಲೆ ಫೋನಿನಲ್ಲಿ ಯಾರೋ ಕೇಳುತ್ತಾರೆ, ಎಲ್ಲವೂ ಅರ್ಥವಾಯಿತೇ ಎಂದು. “ಹೌದು ಎಂದುಬಿಡಿ” ಎಂದು ಮೊದಲೇ ಹೇಳಿಕೊಟ್ಟಿರುತ್ತಾರೆ. ಮರುವರ್ಷ ಎರಡನೆಯ ಕಂತಿನ ನೋಟೀಸು ಬಂದಾಗಲೇ ತಿಳಿಯುವುದು, ಅದು ಠೇವಣಿಯಲ್ಲ, ವರ್ಷವರ್ಷವೂ ಕಟ್ಟಬೇಕಾದ ಜೀವವಿಮೆ ಎಂದು. ಮಗಳ ಮದುವೆಗೆಂದೋ ಮನೆಯ ಮಾಡಿಗೆಂದೋ ಇಟ್ಟ ಹಣ ಅಲ್ಲಿ ಸಿಕ್ಕಿಕೊಂಡಿರುತ್ತದೆ. ಆದುದರಿಂದ ಸಹಿಗೆ ಮೊದಲು ಒಂದೇ ಪ್ರಶ್ನೆ ಕೇಳಿ: “ಇದು ಠೇವಣಿಯೋ, ವಿಮೆಯೋ? ಕಾಗದದ ಮೇಲೆ ಬರೆದುಕೊಡಿ.” ಸಹಿ ಆಗಿಹೋಗಿದ್ದರೂ, ಪಾಲಿಸಿ ಪತ್ರ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂತಿರುಗಿಸಬಹುದು. ಕೆಲವು ಸಣ್ಣ ವೆಚ್ಚಗಳನ್ನು ಕಳೆದು ಹಣ ವಾಪಸು ಬರುತ್ತದೆ. ಈ ಮೊದಲು 15 ದಿನವಿದ್ದ ಅವಧಿಯನ್ನು 2024ರಲ್ಲಿ 30 ದಿನಕ್ಕೆ ಏರಿಸಲಾಯಿತು.

ವಾಪಸು ಕೇಳುವ ಕ್ರಮ ಕಷ್ಟದ್ದಲ್ಲ. ಬಾಯಿಮಾತಿನಲ್ಲಿ ಮಾತ್ರ ಕೇಳಬೇಡಿ. ಕೌಂಟರಿನಲ್ಲಿ ಆಡಿದ ಜಗಳಕ್ಕೆ ದಾಖಲೆ ಇರುವುದಿಲ್ಲ. ಬಿಳಿಯ ಹಾಳೆಯಲ್ಲಿ ವ್ಯವಸ್ಥಾಪಕರಿಗೆ ಹೀಗೆ ಬರೆಯಬಹುದು:

“ನನ್ನ ಉಳಿತಾಯ ಖಾತೆಯಿಂದ ಇಂತಹ ತಾರೀಖಿನಂದು ಇಷ್ಟು ರೂಪಾಯಿ, ಇಂತಹ ಬಾಬೆಂದು ಖರ್ಚು ಬಿದ್ದಿದೆ. ಇದಕ್ಕೆ ನಾನು ಒಪ್ಪಿಗೆ ಕೊಟ್ಟಿಲ್ಲ. ನನ್ನ ಸಹಿಯುಳ್ಳ ಒಪ್ಪಿಗೆ ಪತ್ರವಿದ್ದರೆ ಅದರ ಪ್ರತಿಯನ್ನು ಕೊಡಬೇಕು; ಇಲ್ಲವಾದರೆ ಈ ಮೊತ್ತವನ್ನೂ, ಹಿಂದಿನ ವರ್ಷಗಳಲ್ಲಿ ಇದೇ ಬಾಬಿಗೆ ಮುರಿದುಕೊಂಡ ಹಣವನ್ನೂ ಖಾತೆಗೆ ಜಮಾ ಮಾಡಬೇಕು. ಮುಂದೆ ಮುರಿದುಕೊಳ್ಳಬಾರದು.”

ಒಪ್ಪಿಗೆ ಪತ್ರದ ಪ್ರತಿಯನ್ನು ಕೇಳುವ ಆ ಒಂದು ವಾಕ್ಯದಲ್ಲಿಯೇ ಅರ್ಜಿಯ ಜೀವವಿದೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಬ್ಯಾಂಕಿನ ಮೊಹರೂ ತಾರೀಖೂ ಹಾಕಿಸಿಕೊಳ್ಳಿ. ಹಾಕಲು ಹಿಂದೆಮುಂದೆ ನೋಡಿದರೆ ಅಂಚೆ ಕಚೇರಿಯಿಂದ ರಶೀದಿ ಸಿಗುವಂತೆ ಕಳಿಸಿ. ಎಷ್ಟೋ ವೇಳೆ ಹಣ ಈ ಹಂತದಲ್ಲಿಯೇ ಮರಳುತ್ತದೆ. ಕೌಂಟರಿನ ಗುಮಾಸ್ತರ ಮೇಲೆ ಕೋಪ ಬೇಡ. ಇಷ್ಟು ವಿಮೆ ಮಾರಲೇಬೇಕೆಂಬ ಒತ್ತಡ ಅವರ ಮೇಲೆಯೂ ಉಂಟು.

ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ಬರೆಯಿರಿ. 1995ರಲ್ಲಿ ಆರಂಭವಾದ ಈ ಏರ್ಪಾಡನ್ನು 2021ರ ನವೆಂಬರ್ 12ರಂದು ದೇಶಕ್ಕೆಲ್ಲ ಒಂದೇ ಯೋಜನೆಯಾಗಿ ಮಾಡಲಾಯಿತು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಅಂತರ್ಜಾಲದಲ್ಲಿ ಕೊಡಲು ಮನೆಯ ಹುಡುಗರು ನೆರವಾದಾರು; ಇಲ್ಲವೇ ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. 14448 ಎಂಬ ಸಂಖ್ಯೆಗೆ ಫೋನು ಮಾಡಿದರೆ ಕನ್ನಡದಲ್ಲಿಯೇ ವಿವರ ಸಿಗುತ್ತದೆ. ಗಡುವು ಇರುವುದರಿಂದ ತಡಮಾಡಬೇಡಿ. ವಿಮಾ ಕಂಪೆನಿಯ ಮೇಲಿನ ದೂರಿಗೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ನರ ಕಚೇರಿ ಬೇರೆಯೇ ಇದೆ. ಮೊತ್ತ ದೊಡ್ಡದಾಗಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗವೂ ಉಂಟು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬೇಕು.

ಹಿನ್ನೀರಿನಾಚೆಯ ತುಮರಿ ಕಡೆಯವರು ಹಿಂದೆ ಸಾಗರಕ್ಕೆ ಬರಬೇಕಾದರೆ ಲಾಂಚಿಗೆ ಕಾಯಬೇಕಾಗಿತ್ತು. ನೂರು ರೂಪಾಯಿ ಕೇಳಲು ಒಂದು ದಿನ ಕಳೆಯುವುದು ಯಾರಿಗೆ ಬೇಕೆಂದು ಸುಮ್ಮನಾದವರು ಎಷ್ಟೋ ಮಂದಿ ಇದ್ದಾರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ನೆಪ ಉಳಿದಿಲ್ಲ.

ವಿಮೆಯ ಕಂತುಗಳು ಸಾಮಾನ್ಯವಾಗಿ ಮೇ 25ರಿಂದ 31ರೊಳಗೆ ಖಾತೆಯಿಂದ ಹೋಗುತ್ತವೆ. ಬೇಕೆನ್ನುವವರು ಆ ವಾರ ಖಾತೆಯಲ್ಲಿ ಹಣ ಇರುವಂತೆ ನೋಡಿಕೊಳ್ಳಿ. ಬೇಡವೆನ್ನುವವರು ಮೇ ತಿಂಗಳ ಮೊದಲಲ್ಲಿಯೇ ಬರೆದುಕೊಟ್ಟು ಮೊಹರು ಹಾಕಿಸಿಕೊಂಡು ಬನ್ನಿ.