ತುರಿಕೆ ಅಡಗಿತು, ರೋಗ ಅಡಗಿತೆ?

ಜ್ವರ ಬಂದರೆ ವೈದ್ಯರನ್ನು ಕಾಣುವವರೂ ಚರ್ಮಕ್ಕೆ ಏನಾದರೂ ಆದರೆ ತಮಗೆ ತಾವೇ ವೈದ್ಯರಾಗುವುದನ್ನು ನಾವು ಎಲ್ಲೆಡೆಯೂ ಕಾಣುತ್ತೇವೆ. ಕಣ್ಣಿಗೆ ಕಾಣುವ ರೋಗ ತಮಗೆ ಅರ್ಥವಾಗಿದೆಯೆಂಬ ಭಾವನೆ ಸಹಜವಾದುದು. ಶಾಲೆಯ ಉಪಾಧ್ಯಾಯರಿಗಾದರೋ ಬೇರೆ ಕಾರಣಗಳೂ ಉಂಟು. ದಿನವಿಡೀ ನಲವತ್ತು ಮಕ್ಕಳ ಎದುರಿಗೆ ನಿಲ್ಲಬೇಕಾದವರು ತೊಡೆಸಂದಿಯಲ್ಲಿ ತುರಿಕೆಯೆದ್ದರೆ ಕೆರೆದುಕೊಳ್ಳುವಂತಿಲ್ಲ. ಬೆವರಿದ ಬಟ್ಟೆಯನ್ನು ಬದಲಿಸುವಂತಿಲ್ಲ. ಚರ್ಮವೈದ್ಯರಿರುವ ಪಟ್ಟಣಕ್ಕೆ ಹೋಗಿಬರಲು ಒಂದು ದಿನದ ರಜೆಯೇ ಬೇಕು. ಆದುದರಿಂದ ಸಂಜೆ ಔಷಧದಂಗಡಿಯಲ್ಲಿ ‘ತುರಿಕೆಗೆ ಒಂದು ಟ್ಯೂಬು ಕೊಡಿ’ ಎಂದು ಕೇಳಿಬಿಡುತ್ತಾರೆ. ಆ ಟ್ಯೂಬಿನೊಳಗೆ ಏನಿದೆ, ಅದು ಚರ್ಮದಲ್ಲಿ ಏನು ಮಾಡುತ್ತದೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಇಂತಹ ತುರಿಕೆಗಳಲ್ಲಿ ಬಹು ಸಾಮಾನ್ಯವಾದುದು ಹುಳುಕಡ್ಡಿ. ಇದನ್ನೇ ಗಜಕರ್ಣವೆಂದೂ ಕರೆಯುವುದುಂಟು. ಹೆಸರಿನಲ್ಲಿ ಹುಳುವಿದ್ದರೂ ರೋಗದಲ್ಲಿ ಹುಳುವಿಲ್ಲ. ಹಳಸಿದ ರೊಟ್ಟಿಯ ಮೇಲೆ ಬೆಳೆಯುವ ಬೂಷ್ಟಿನ ಬಳಗಕ್ಕೆ ಸೇರಿದ ಒಂದು ಶಿಲೀಂಧ್ರವು ಚರ್ಮದ ಮೇಲ್ಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನನ್ನು ತಿಂದು ಬದುಕುತ್ತದೆ. ಬೆವರು ನಿಂತ ಎಡೆ ಅದಕ್ಕೆ ಪ್ರಿಯ. ಸೀರೆಯುಡುವ ಉಪಾಧ್ಯಾಯಿನಿಯರಿಗೆ ಲಂಗದ ಲಾಡಿ ಬಿಗಿಯುವ ಸೊಂಟದ ಸುತ್ತ ಇದು ಹಬ್ಬುವುದು ಇದರಿಂದಲೇ. ಶಿಲೀಂಧ್ರವು ನಡುವಿನಿಂದ ಹೊರಕ್ಕೆ ಹರಡುತ್ತ ಹೋದಂತೆ ಅಂಚಿನಲ್ಲಿ ದೇಹದ ರಕ್ಷಣಾಕಣಗಳು ಅದನ್ನು ಎದುರಿಸುತ್ತವೆ. ನಾವು ಕಾಣುವ ಕೆಂಪು ಬಳೆ ಈ ಕಾಳಗದ ಗುರುತು. ತುರಿಕೆಯೂ ಅದರ ಫಲವೇ.

ಇನ್ನು ಟ್ಯೂಬಿನ ವಿಷಯ. ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಸ್ರವಿಸುವ ಸ್ಟೀರಾಯ್ಡ್ ಹಾರ್ಮೋನುಗಳಿಗೆ ಉರಿಯೂತವನ್ನು ಅಡಗಿಸುವ ಶಕ್ತಿಯಿದೆ. ೧೯೫೨ರಲ್ಲಿ ಅಮೆರಿಕದ ಸುಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು ಇವುಗಳಲ್ಲೊಂದಾದ ಹೈಡ್ರೊಕಾರ್ಟಿಸೋನನ್ನು ಮುಲಾಮಾಗಿ ಹಚ್ಚಿ ಯಶಸ್ಸನ್ನು ಕಂಡರು. ಇಸುಬಿನಿಂದ ನರಳುವವರಿಗೆ ಅದು ವರವಾಯಿತು, ಇಂದಿಗೂ ವರವೇ. ಅನಂತರ ಅದಕ್ಕಿಂತ ನೂರಾರು ಪಾಲು ಪ್ರಬಲವಾದ ಕ್ಲೋಬೆಟಸಾಲ್ ಬಂತು. ನಮ್ಮ ದೇಶದಲ್ಲಿ ಇಂತಹ ಸ್ಟೀರಾಯ್ಡು, ಶಿಲೀಂಧ್ರನಾಶಕ, ಬ್ಯಾಕ್ಟೀರಿಯಾನಾಶಕ ಇವೆಲ್ಲವನ್ನೂ ಒಂದೇ ಟ್ಯೂಬಿನಲ್ಲಿ ತುಂಬಿ ಮಾರುವ ವಾಡಿಕೆ ಬೆಳೆಯಿತು. ರೋಗ ಯಾವುದಾದರೂ ಒಂದು ಗುಂಡು ತಗುಲಲಿ ಎಂಬ ಈ ಲೆಕ್ಕಾಚಾರವನ್ನು ಚಿಕಿತ್ಸೆಯೆಂದು ಕರೆಯಲು ನಮಗೆ ಮನಸ್ಸೊಪ್ಪದು.

ಇದನ್ನು ಹುಳುಕಡ್ಡಿಗೆ ಹಚ್ಚಿದರೆ ಎರಡು ದಿನಗಳಲ್ಲಿ ತುರಿಕೆ ನಿಲ್ಲುತ್ತದೆ, ಕೆಂಪು ಮಾಸುತ್ತದೆ. ಆದರೆ ಅಡಗಿದ್ದು ದೇಹದ ಪ್ರತಿಭಟನೆ, ಶಿಲೀಂಧ್ರವಲ್ಲ. ಕಾವಲುನಾಯಿಯ ಬಾಯಿ ಕಟ್ಟಿದ ಮನೆಯಲ್ಲಿ ಕಳ್ಳನು ನಿಶ್ಚಿಂತನಾಗಿರುವಂತೆ ಅದು ಸದ್ದಿಲ್ಲದೆ ಹಬ್ಬುತ್ತದೆ. ಮುಲಾಮನ್ನು ಬಿಟ್ಟೊಡನೆ ತುರಿಕೆ ಇಮ್ಮಡಿಯಾಗಿ ಮರಳುತ್ತದೆ. ‘ಔಷಧ ಬಿಟ್ಟದ್ದರಿಂದ ಹೀಗಾಯಿತು’ ಎಂದು ತಿಳಿದು ಮತ್ತೆ ಹಚ್ಚುತ್ತಾರೆ. ಬಳೆಯ ಆಕಾರವೇ ಅಳಿಸಿಹೋಗಿ ವೈದ್ಯರಿಗೂ ಗುರುತು ಸಿಗದ ಈ ಸ್ಥಿತಿಯನ್ನು ೧೯೬೮ರಲ್ಲಿ ಐವ್ ಮತ್ತು ಮಾರ್ಕ್ಸ್ ಎಂಬವರು ವರ್ಣಿಸಿ, ‘ವೇಷ ಮರೆಸಿಕೊಂಡ ಹುಳುಕಡ್ಡಿ’ ಎಂಬರ್ಥದ ಲ್ಯಾಟಿನ್ ಹೆಸರನ್ನು ಕೊಟ್ಟರು.

ಚರ್ಮವು ಎಲ್ಲೆಡೆಯೂ ಒಂದೇ ದಪ್ಪವಲ್ಲ. ಫೆಲ್ಡ್‌ಮನ್ ಮತ್ತು ಮೈಬಾಕ್ ೧೯೬೭ರಲ್ಲಿ ಹೈಡ್ರೊಕಾರ್ಟಿಸೋನ್ ಎಷ್ಟು ಒಳಸೇರುತ್ತದೆಂದು ಅಳೆದರು. ಮುಂದೋಳಿನಲ್ಲಿ ೧ ಪಾಲು ಸೇರಿದರೆ ದವಡೆಯ ಮೂಲೆಯಲ್ಲಿ ೧೩ ಪಾಲು, ವೃಷಣದ ಚರ್ಮದಲ್ಲಿ ೪೨ ಪಾಲು! ತೊಡೆಸಂದಿಗೂ ಮುಖಕ್ಕೂ ಹಚ್ಚುವವರು ಈ ಅಂಕಿಗಳನ್ನು ಗಮನಿಸಬೇಕು. ತಿಂಗಳುಗಟ್ಟಲೆ ಹಚ್ಚಿದಲ್ಲಿ ಚರ್ಮವು ತೆಳುವಾಗಿ ರಕ್ತನಾಳಗಳು ಕಾಣಿಸುತ್ತವೆ. ತೊಡೆಯಲ್ಲಿ ಮೂಡಿದ ಗೀರುಗಳು ಅಳಿಯುವುದಿಲ್ಲ.

ಹಾನಿ ಅವರೊಬ್ಬರಿಗೇ ನಿಲ್ಲದು. ೨೦೨೦ರಲ್ಲಿ ‘ಟ್ರೈಕೊಫೈಟಾನ್ ಇಂಡೊಟಿನಿಯೆ’ ಎಂದು ನಾಮಕರಣಗೊಂಡ ಶಿಲೀಂಧ್ರವೊಂದು ಭಾರತದಲ್ಲಿ ವ್ಯಾಪಕವಾಗಿ ಹರಡಿದೆ. ಟರ್ಬಿನಫಿನ್ ಎಂಬ ಒಳ್ಳೆಯ ಔಷಧವು ಶಿಲೀಂಧ್ರದ ಒಂದು ಕಿಣ್ವವನ್ನು ತಡೆದು ಅದನ್ನು ಕೊಲ್ಲುತ್ತದೆ. ಆ ಕಿಣ್ವದ ೩೯೭ನೆಯ ಸ್ಥಾನದ ಒಂದೇ ಅಮೈನೊ ಆಮ್ಲ ಬದಲಾದರೆ ಸಾಕು, ಔಷಧದ ಹಿಡಿತ ತಪ್ಪುತ್ತದೆ. ಇದರ ಹಾವಳಿಗೆ ಬೆರಕೆ ಮುಲಾಮುಗಳೂ ಒಂದು ಕಾರಣವೆಂಬುದು ಅನೇಕ ಚರ್ಮವೈದ್ಯರ ಅಭಿಪ್ರಾಯ.

ಉಪಾಧ್ಯಾಯರ ಚರ್ಮದ ತೊಂದರೆಗಳೆಲ್ಲ ಹುಳುಕಡ್ಡಿಯೂ ಅಲ್ಲ. ಸೀಮೆಸುಣ್ಣದ ಪುಡಿಯೂ ಪದೇ ಪದೇ ಬಳಸುವ ಸಾಬೂನೂ ಬೆರಳುಗಳ ಜಿಡ್ಡನ್ನು ಹೀರಿ ಬಿರುಕು ತರುತ್ತವೆ. ಕೈ ತೊಳೆದ ಬಳಿಕ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಸವರಿಕೊಂಡರೆ ಅನೇಕ ವೇಳೆ ಅಷ್ಟೇ ಸಾಕು. ತುರಿಸದ, ಮುಟ್ಟಿದರೆ ಅರಿವಾಗದ ಮಚ್ಚೆಯ ವಿಷಯ ಹಾಗಲ್ಲ. ಅದು ಕುಷ್ಠದ ಮೊದಲ ಚಿಹ್ನೆಯಾಗಿರಬಹುದು. ಆರರಿಂದ ಹನ್ನೆರಡು ತಿಂಗಳ ಔಷಧದಿಂದ ಪೂರ್ಣ ಗುಣವಾಗುವ ಆ ರೋಗಕ್ಕೆ ಯಾವುದೋ ಟ್ಯೂಬನ್ನು ಹಚ್ಚುತ್ತ ಕುಳಿತರೆ ಅಷ್ಟರಲ್ಲಿ ನರಗಳೇ ಕೆಡುತ್ತವೆ.

ಹುಳುಕಡ್ಡಿಯನ್ನು ಖಚಿತವಾಗಿ ಗುರುತಿಸುವ ಪರೀಕ್ಷೆ ಬಹು ಸರಳ. ಅಂಚಿನ ಹೊಟ್ಟನ್ನು ಕೆರೆದು ಗಾಜಿನ ಮೇಲಿಟ್ಟು ಪೊಟಾಸಿಯಂ ಹೈಡ್ರಾಕ್ಸೈಡಿನ ಹನಿ ಹಾಕಿದರೆ ಚರ್ಮದ ಕೋಶಗಳು ಕರಗಿ ತಿಳಿಯಾಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಚಿಕಿತ್ಸೆಗೆ ಮಾತ್ರ ತಾಳ್ಮೆ ಬೇಕು. ಮೇಲ್ಪದರ ಹೊಸದಾಗಲು ಸುಮಾರು ನಾಲ್ಕು ವಾರಗಳು ಹಿಡಿಯುವುದರಿಂದ ತುರಿಕೆ ನಿಂತ ಮೇಲೂ ವೈದ್ಯರು ಹೇಳಿದಷ್ಟು ಕಾಲ ಶಿಲೀಂಧ್ರನಾಶಕವನ್ನು ಮುಂದುವರಿಸಬೇಕು.

೨೦೧೮ರಲ್ಲಿ ಭಾರತ ಸರಕಾರವು ಹದಿನಾಲ್ಕು ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ಆದರೂ ಅವು ಕೈಗೆ ಸಿಗುತ್ತಲೇ ಇವೆ. ಹಳ್ಳಿಯಲ್ಲಿ ಮೇಷ್ಟರು ಹಚ್ಚಿದ ಟ್ಯೂಬೆಂದರೆ ಅದಕ್ಕೊಂದು ಗೌರವ. ವಾರದೊಳಗೆ ಅದು ವಿದ್ಯಾರ್ಥಿಗಳ ಮನೆಗೂ ತಲಪುತ್ತದೆ. ಮಕ್ಕಳ ಮೈಗೆ ಅದು ಇನ್ನೂ ಹೆಚ್ಚಾಗಿ ಇಳಿದು ಬೆಳವಣಿಗೆಯನ್ನೇ ಕುಂಠಿಸಬಲ್ಲದು. ಡಬ್ಬಿಯ ಮೇಲೆ ಕೆಂಪು ಗೆರೆ ಇದೆಯೇ, ಸಣ್ಣಕ್ಷರಗಳಲ್ಲಿ ಕ್ಲೋಬೆಟಸಾಲ್, ಬೀಟಾಮೆಥಸೋನ್, ಮೊಮೆಟಸೋನ್ ಮುಂತಾದ ಹೆಸರುಗಳಿವೆಯೇ ಎಂದು ಓದಿನೋಡುವುದು ಉಪಾಧ್ಯಾಯರಿಗೆ ಕಷ್ಟವಲ್ಲ. ಈಗಾಗಲೇ ಬಹುಕಾಲ ಹಚ್ಚಿದವರು ವೈದ್ಯರಲ್ಲಿಗೆ ಹೋಗುವಾಗ ಖಾಲಿ ಟ್ಯೂಬನ್ನೂ ಒಯ್ಯುವುದು ಲೇಸು. ವೇಷ ಮರೆಸಿದ ರೋಗದ ಗುರುತು ಹಿಡಿಯಲು ಅವರಿಗೆ ಅದರ ಮೇಲಿನ ಹೆಸರು ಬೇಕಾಗುತ್ತದೆ.