ಬಸ್ಸಿಳಿದ ಮೇಲಿನ ದಾರಿ

ಸೊಲ್ಲಾಪುರದಿಂದ ಕಲಬುರಗಿಗೆ ಬರುವ ರೈಲುಮಾರ್ಗದಲ್ಲಿ ‘ಗಾಣಗಾಪುರ ರೋಡ್’ ಎಂಬ ನಿಲ್ದಾಣವೊಂದುಂಟು. ದತ್ತಾತ್ರೇಯನ ದರ್ಶನವನ್ನು ಬಯಸಿ ಅಲ್ಲಿ ಇಳಿದ ಯಾತ್ರಿಕನಿಗೆ ಗುಡಿಯೂ ಕಾಣುವುದಿಲ್ಲ, ಭೀಮಾ ಅಮರಜಾ ನದಿಗಳ ಸಂಗಮವೂ ಕಾಣುವುದಿಲ್ಲ. ಕ್ಷೇತ್ರವು ಅಲ್ಲಿಂದ ಸುಮಾರು 20 ಕಿಲೋಮೀಟರು ದೂರ. ರೈಲ್ವೆಯವರು ಊರಿನ ಹೆಸರಿನ ಮುಂದೆ ‘ರೋಡ್’ ಎಂಬ ಮಾತನ್ನು ಸೇರಿಸಿದರೆಂದರೆ, “ಊರು ಇಲ್ಲಿಲ್ಲ, ಊರಿಗೆ ಹೋಗುವ ದಾರಿ ಇಲ್ಲಿಂದ ಹೊರಡುತ್ತದೆ” ಎಂದು ಅರ್ಥ. ಎಂತಹ ಪ್ರಾಮಾಣಿಕವಾದ ಹೆಸರು! ಪ್ರಯಾಣ ಇನ್ನೂ ಮುಗಿದಿಲ್ಲವೆಂಬುದನ್ನು ಅದು ಮೊದಲೇ ಒಪ್ಪಿಕೊಂಡಿದೆ. ಆದುದರಿಂದಲೇ ಅಲ್ಲಿ ರೈಲು ಇಳಿದವರನ್ನು ಮುಂದಕ್ಕೆ ಒಯ್ಯಲು ಬಸ್ಸುಗಳೂ ಬಾಡಿಗೆಯ ವಾಹನಗಳೂ ಉಂಟು.

ನಗರಗಳಲ್ಲಿರುವ ನಿಲ್ದಾಣಗಳಿಗೆ ಈ ವಿನಯವಿಲ್ಲ. ಬಸ್ಸು ನಿಂತಿತೆಂದರೆ ಪ್ರಯಾಣ ಮುಗಿಯಿತೆಂದೇ ಅವುಗಳ ಭಾವನೆ. ಆದರೆ ಬಸ್‌ ನಿಲ್ದಾಣವನ್ನು ನೋಡುವುದಕ್ಕಾಗಿಯೇ ಊರಿಂದ ಹೊರಟವರು ಯಾರಿದ್ದಾರೆ? ಆಸ್ಪತ್ರೆ, ಕಾಲೇಜು, ನ್ಯಾಯಾಲಯ, ರೈಲು ನಿಲ್ದಾಣ, ಮಗಳ ಮನೆ, ಇವೇ ಅಲ್ಲವೆ ನಮ್ಮ ಗುರಿಗಳು? ಅಲ್ಲಿಗೆ ಮುಟ್ಟಿಸುವ ಕೊನೆಯ ಎರಡು ಮೂರು ಕಿಲೋಮೀಟರಿನ ವಿಚಾರವನ್ನು ನಾವು ಸಾಕಷ್ಟು ಯೋಚಿಸಿಲ್ಲ.

ಮಾದನಹಿಪ್ಪರಗಾದಿಂದ ಬಂದವರು

ಆಳಂದ ತಾಲೂಕಿನ ಮಾದನಹಿಪ್ಪರಗಾದಿಂದ ರೈತನೊಬ್ಬನು ತನ್ನ ವೃದ್ಧಳಾದ ತಾಯಿಯನ್ನು ಕಲಬುರಗಿಯ ಹೃದ್ರೋಗದ ಆಸ್ಪತ್ರೆಗೆ ಕರೆತರುತ್ತಿದ್ದಾನೆಂದು ಭಾವಿಸಿರಿ. ಆಳಂದಕ್ಕೆ ಒಂದು ಬಸ್ಸು. ಅಲ್ಲಿಂದ ಸುಮಾರು 40 ಕಿಲೋಮೀಟರು ದೂರದ ಕಲಬುರಗಿಗೆ ಇನ್ನೊಂದು. 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಗೆ ಬಂದಂದಿನಿಂದ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಆ ತಾಯಿಗೆ ಟಿಕೇಟಿನ ಹಣ ಕೊಡುವ ಅಗತ್ಯವಿಲ್ಲ. ಅಲ್ಲಿಯವರೆಗೆ ಎಲ್ಲವೂ ಸರಿ. ಕೇಂದ್ರ ಬಸ್‌ ನಿಲ್ದಾಣದಲ್ಲಿ ಇಳಿದ ಮೇಲೆ “ಇನ್ನಾ ಎಷ್ಟು ದೂರ ಅದಪ್ಪಾ?” ಎಂದು ಆಕೆ ಕೇಳಿದರೆ ಮಗನು ಏನು ಹೇಳಬೇಕು? ಮುದುಕಿಯನ್ನು ನಡೆಸಲು ದೂರ. ಆಟೋ ಮಾಡಲು ಹತ್ತಿರ. ನಗರ ಬಸ್ಸು ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ, ಆಸ್ಪತ್ರೆಯ ಬಾಗಿಲಿಗೆ ಹೋಗುತ್ತದೆಯೋ ಇಲ್ಲವೋ ಎಂಬುದು ಹೊಸಬನಿಗೆ ತಿಳಿಯದು. ಬೇಸಿಗೆಯಲ್ಲಿ 42 ಡಿಗ್ರಿಯನ್ನು ದಾಟುವ ಬಿಸಿಲು ತಲೆಯ ಮೇಲೆ. ಆತ ಆಟೋ ಹತ್ತುತ್ತಾನೆ. ಹಳ್ಳಿಯಿಂದ ನಗರದವರೆಗೆ ಉಳಿದ ಹಣ ನಗರದೊಳಗಿನ ಎರಡು ಕಿಲೋಮೀಟರಿನಲ್ಲಿ ಕರಗಿಹೋಗುತ್ತದೆ.

ಇದು ಒಬ್ಬನ ಕಥೆಯಲ್ಲ. ಕಲಬುರಗಿಯು ಈಗ ಕೇವಲ ಜಿಲ್ಲೆಯ ಮುಖ್ಯ ಪಟ್ಟಣವಾಗಿ ಉಳಿದಿಲ್ಲ. 1980ರಲ್ಲಿ ಇಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. 2009ರಲ್ಲಿ ಆಳಂದ ರಸ್ತೆಯ ಕಡಗಂಚಿಗೆ ಕೇಂದ್ರೀಯ ವಿಶ್ವವಿದ್ಯಾಲಯ ದೊರೆಯಿತು. 2013ರಲ್ಲಿ ಉಚ್ಚ ನ್ಯಾಯಾಲಯದ ಪೀಠವು ಕಾಯಂ ಆಯಿತು. 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆ ತೆರೆಯಿತು. ಒಂದೊಂದು ಸಂಸ್ಥೆ ಬಂದಾಗಲೂ ನಾವು ಹರ್ಷಿಸಿದೆವು. ಆದರೆ ಅವುಗಳಲ್ಲಿ ಒಂದರಿಂದ ಇನ್ನೊಂದಕ್ಕೆ, ಅವೆಲ್ಲವುಗಳಿಂದ ಬಸ್ಸಿಗೂ ರೈಲಿಗೂ ಇರಬೇಕಾದ ಕೊಂಡಿಯ ಯೋಚನೆ ಹಿಂದೆ ಬಿದ್ದಿತು.

ಟ್ರಾಮಿನ ಗುಣ

ನಗರದೊಳಗಿನ ಸಂಚಾರವೆಂದರೆ ಒಂದು ಕಾಲಕ್ಕೆ ಟ್ರಾಮು. ಮುಂಬಯಿಯಲ್ಲಿ 1874ರಲ್ಲಿ ಕುದುರೆಗಳು ಎಳೆಯುವ ಟ್ರಾಮುಗಳು ಬಂದವು. 1907ರಲ್ಲಿ ಅವುಗಳ ಸ್ಥಾನವನ್ನು ವಿದ್ಯುತ್ ಟ್ರಾಮು ಹಿಡಿಯಿತು. ಮದರಾಸಿನಲ್ಲಿ ಅದಕ್ಕೂ ಮೊದಲೇ, 1895ರಲ್ಲಿ, ವಿದ್ಯುತ್ ಟ್ರಾಮು ಓಡಿತ್ತು. ಮದರಾಸಿನ ಟ್ರಾಮು 1953ರಲ್ಲಿಯೂ ಮುಂಬಯಿಯದು 1964ರ ಮಾರ್ಚ್ 31ರಂದೂ ನಿಂತುಹೋದವು. ಮೋಟಾರುಗಳು ಹೆಚ್ಚಿದ ಬೀದಿಯಲ್ಲಿ ಪಕ್ಕಕ್ಕೆ ಸರಿಯಲಾರದ ಟ್ರಾಮು ಅಡ್ಡಿಯೆನಿಸಿತು.

ಟ್ರಾಮು ಹೋದುದಕ್ಕಾಗಿ ಕಣ್ಣೀರು ಸುರಿಸುವುದು ಇಲ್ಲಿಯ ಉದ್ದೇಶವಲ್ಲ. ಆದರೆ ಅದರಲ್ಲಿದ್ದ ಒಂದು ಗುಣವನ್ನು ಮರೆಯಲಾಗದು. ರೈಲು ಇಳಿದು ಬೋರಿಬಂದರಿನ ಹೊರಗೆ ನಿಂತ ಪರಸ್ಥಳದವನಿಗೆ, ಆತನು ಓದುಬಾರದವನಾಗಿದ್ದರೂ, ಬೀದಿಯಲ್ಲಿ ಹೊಳೆಯುವ ಹಳಿಗಳು ಕಾಣುತ್ತಿದ್ದವು. ಹಳಿ ಇದ್ದಲ್ಲಿ ಟ್ರಾಮು ಬಂದೇ ಬರುತ್ತದೆ. ಹಳಿ ಹೋದಲ್ಲಿಗೇ ಅದು ಹೋಗುತ್ತದೆ. ಇಂದು ಒಂದು ಬೀದಿ, ನಾಳೆ ಇನ್ನೊಂದು ಬೀದಿ ಎಂಬ ಸ್ವೇಚ್ಛೆ ಅದಕ್ಕಿಲ್ಲ. ಈ ನಂಬಿಕೆಯೇ ಟ್ರಾಮಿನ ದೊಡ್ಡ ಗುಣ. ಬಸ್ಸಿಗೆ ಹಳಿಯಿಲ್ಲ, ಆದುದರಿಂದ ವೇಳೆಯೇ ಅದರ ಹಳಿಯಾಗಬೇಕು, ಫಲಕವೇ ಅದರ ಹಳಿಯಾಗಬೇಕು. ಕಲಬುರಗಿಯಂತಹ ನಗರಕ್ಕೆ ಟ್ರಾಮು ಬೇಕಿಲ್ಲದಿರಬಹುದು. ಟ್ರಾಮಿನ ಈ ಗುಣ ಬೇಕೇ ಬೇಕು.

ಮುಂಬಯಿಯಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇದೆ. 1926ರ ಜುಲೈ 15ರಂದು ಅಲ್ಲಿ ಮೊದಲ ಬಸ್ಸನ್ನು ಓಡಿಸಿದ್ದು ಟ್ರಾಮು ನಡೆಸುತ್ತಿದ್ದ ಬೆಸ್ಟ್ ಸಂಸ್ಥೆಯೇ. ಎರಡೂ ವಾಹನಗಳಿಗೆ ಒಬ್ಬನೇ ಯಜಮಾನ.

ಈ ವಿವೇಕ ನಮ್ಮ ಸೀಮೆಗೂ ಹೊಸದಲ್ಲ. ಕಲಬುರಗಿ ಆಗ ಸೇರಿದ್ದ ಹೈದರಾಬಾದು ಸಂಸ್ಥಾನದಲ್ಲಿ ನಿಜಾಮರ ಸರಕಾರದ ರೈಲ್ವೆಯು 1932ರಲ್ಲಿ ತನ್ನದೇ ಒಂದು ರಸ್ತೆ ಸಾರಿಗೆ ವಿಭಾಗವನ್ನು ತೆರೆದು 27 ಬಸ್ಸುಗಳನ್ನೂ 166 ಮಂದಿ ನೌಕರರನ್ನೂ ಇರಿಸಿಕೊಂಡು ಕಾರ್ಯವನ್ನು ಆರಂಭಿಸಿತು. ಅಂದರೆ ರೈಲೂ ಬಸ್ಸೂ ಒಂದೇ ಛತ್ರದ ಕೆಳಗೆ ಇದ್ದವು. ಸ್ವಾತಂತ್ರ್ಯಾನಂತರ ಅವು ಬೇರೆ ಬೇರೆಯಾದವು. 1956ರಲ್ಲಿ ಸಂಸ್ಥಾನವೇ ಮೂರು ಪಾಲಾಯಿತು. ನಮ್ಮ ಭಾಗದ ಬಸ್ಸುಗಳು ಮೈಸೂರು ರಾಜ್ಯದ ಆಡಳಿತಕ್ಕೆ ಬಂದವು. 2000ದಲ್ಲಿ ಕಲಬುರಗಿಯನ್ನೇ ಕೇಂದ್ರವಾಗುಳ್ಳ ಪ್ರತ್ಯೇಕ ನಿಗಮವಾಯಿತು. ಅದೇ 2021ರಿಂದ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೆನಿಸಿದೆ. ಹಳ್ಳಿಯ ಬಸ್ಸೂ ನಗರದ ಬಸ್ಸೂ ಇಂದು ಆ ಒಂದೇ ನಿಗಮದವು. ಒಂದೇ ಮನೆಯ ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ಕಾಯದೆ ಹೊರಟುಹೋಗುವುದು ಉಚಿತವೆ?

ಹುಬ್ಬಳ್ಳಿ ಧಾರವಾಡದ ‘ಚಿಗರಿ’

ನಮ್ಮ ರಾಜ್ಯದಲ್ಲಿಯೇ ಬಸ್ಸಿಗೆ ಟ್ರಾಮಿನ ಗುಣವನ್ನು ಕೊಡುವ ಪ್ರಯತ್ನವೊಂದು ನಡೆದಿದೆ. ಹುಬ್ಬಳ್ಳಿ ಧಾರವಾಡಗಳ ನಡುವೆ ಸುಮಾರು 22 ಕಿಲೋಮೀಟರು ಉದ್ದಕ್ಕೆ, ರಸ್ತೆಯ ನಡುಭಾಗದಲ್ಲಿ, ಬಸ್ಸುಗಳಿಗೇ ಮೀಸಲಾದ ಪಥವನ್ನು ರಚಿಸಿ ‘ಚಿಗರಿ’ ಎಂಬ ಹೆಸರಿನ ಬಸ್ಸುಗಳನ್ನು ಓಡಿಸುತ್ತಿದ್ದಾರೆ. ಪ್ರಯೋಗಾರ್ಥವಾಗಿ 2018ರಲ್ಲಿ ಆರಂಭವಾದ ಈ ಸೇವೆಯು 2020ರ ಫೆಬ್ರುವರಿ 2ರಂದು ವಿಧಿಪೂರ್ವಕವಾಗಿ ಉದ್ಘಾಟನೆಗೊಂಡಿತು. ಟಿಕೇಟನ್ನು ನಿಲ್ದಾಣದಲ್ಲಿಯೇ ಪಡೆಯಬೇಕು. ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಎತ್ತರ. ಮೊಳಕಾಲು ನೋವಿನ ಅಜ್ಜಿಯೂ ಮೆಟ್ಟಿಲು ಹತ್ತದೆ ಒಳಗೆ ಹೋಗಬಹುದು. ಬ್ರೆಜಿಲ್ ದೇಶದ ಕುರಿಟಿಬಾ ನಗರವು 1974ರಲ್ಲಿ ಬಸ್ಸುಗಳಿಗೆ ಮೀಸಲು ಪಥವನ್ನು ಕೊಟ್ಟು, ಮುಂದೆ ಇಂತಹುದೇ ನಿಲ್ದಾಣಗಳನ್ನು ಕಟ್ಟಿ ಲೋಕಕ್ಕೆ ತೋರಿಸಿಕೊಟ್ಟ ವಿಧಾನವಿದು.

ಆದರೆ ಅಲ್ಲಿಯೂ ತೊಡಕು ಎದುರಾದದ್ದು ಕೊಂಡಿಯಲ್ಲಿಯೇ. ನಡುರಸ್ತೆಯ ನಿಲ್ದಾಣವನ್ನು ತಲುಪಲು ವಾಹನಗಳ ಪ್ರವಾಹವನ್ನು ದಾಟಬೇಕು. ಚಿಗರಿ ಇಳಿದ ಮೇಲೆ ಒಳಬಡಾವಣೆಗೆ ಹೋಗಲು ಮತ್ತೊಂದು ವಾಹನವನ್ನು ಹುಡುಕಬೇಕು. ಈಚೆಗೆ ಅದೇ ಮಾರ್ಗದಲ್ಲಿ ಟ್ರಾಮಿನ ಮಾದರಿಯ ವಿದ್ಯುತ್ ವಾಹನವನ್ನು ಓಡಿಸುವ ಆಲೋಚನೆಯೂ ಚರ್ಚೆಗೆ ಬಂದಿದೆ. ಬರಲಿ, ಸಂತೋಷ. ಆದರೆ ವಾಹನ ಬದಲಾದ ಮಾತ್ರಕ್ಕೆ ಕೊಂಡಿ ತಾನಾಗಿಯೇ ಕೂಡಿಕೊಳ್ಳುವುದಿಲ್ಲ.

ಸಂಧಿಕಾರ್ಯ

ಕನ್ನಡ ವ್ಯಾಕರಣವನ್ನು ಶಾಲೆಯಲ್ಲಿ ಓದಿದವರಿಗೆ ಲೋಪ, ಆಗಮ, ಆದೇಶ ಎಂಬ ಮೂರು ಸಂಧಿಗಳು ನೆನಪಿರಬಹುದು. ಎರಡು ಪದಗಳು ಕೂಡುವಾಗ ‘ಊರಲ್ಲಿ’ ಎಂಬಲ್ಲಿ ಒಂದು ಅಕ್ಷರ ಬಿಟ್ಟುಹೋಗುತ್ತದೆ. ‘ಕೈಯನ್ನು’ ಎಂಬಲ್ಲಿ ಒಂದು ಹೊಸದಾಗಿ ಬರುತ್ತದೆ. ‘ಮಳೆಗಾಲ’ ಎಂಬಲ್ಲಿ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲುತ್ತದೆ. ಎರಡು ಪ್ರಯಾಣಗಳು ಕೂಡುವಲ್ಲಿಯೂ ಈ ಮೂರೂ ನಡೆಯಬೇಕು.

ಲೋಪವಾಗಬೇಕಾದದ್ದು ಕಾಯುವಿಕೆ. ಅರ್ಧ ಗಂಟೆಗೊಮ್ಮೆ ಹೊರಡುವ ನಗರ ಬಸ್ಸಿಗಾಗಿ, ವೇಳೆ ತಿಳಿಯದೆ ಬಂದವನು ಸರಾಸರಿ 15 ನಿಮಿಷ ಕಾಯುತ್ತಾನೆ, ದುರದೃಷ್ಟವಿದ್ದರೆ 30. ಬಸ್ಸುಗಳ ಸಂಖ್ಯೆಯನ್ನು ಮೂರರಷ್ಟು ಮಾಡಿದರೆ ಇದು ಕಡಿಮೆಯಾಗುತ್ತದೆ, ನಿಜ. ಅದಕ್ಕೆ ಹಣ ಬೇಕು. ಸ್ವಿಟ್ಜರ್ಲೆಂಡಿನವರು ಬೇರೊಂದು ಉಪಾಯವನ್ನು ಹಿಡಿದರು. 1982ರಿಂದ ಅವರ ರೈಲುಗಳು ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಹೊರಡುತ್ತವೆ. ರೈಲು ಬರುವ ಹೊತ್ತಿಗೆ ಬಸ್ಸುಗಳು ನಿಲ್ದಾಣದ ಮುಂದೆ ಸಿದ್ಧವಾಗಿ, ಇಳಿದವರನ್ನು ಹತ್ತಿಸಿಕೊಂಡು ಹೊರಡುತ್ತವೆ. ವಾಹನಗಳು ಕಡಿಮೆ ಇರುವ ಊರಿಗೇ ಈ ಉಪಾಯ ಹೆಚ್ಚು ಉಪಯುಕ್ತ. ಆಳಂದದ ಬಸ್ಸು ಬಂದ 5 ನಿಮಿಷಕ್ಕೆ ಆಸ್ಪತ್ರೆಯ ಬಸ್ಸು ಹೊರಡುವಂತಾದರೆ, ಒಂದು ಬಸ್ಸನ್ನೂ ಹೊಸದಾಗಿ ಕೊಳ್ಳದೆ ಆ ತಾಯಿಗೆ ಸರಾಸರಿ 10 ನಿಮಿಷ ಉಳಿಯಿತು.

ಆಗಮವಾಗಬೇಕಾದವು ನೆರಳು, ನೀರು, ಕುಳಿತುಕೊಳ್ಳಲು ಕಟ್ಟೆ, ದಾಟಲು ಸುರಕ್ಷಿತವಾದ ಹಾದಿ, ದೊಡ್ಡ ಕನ್ನಡ ಅಕ್ಷರಗಳ ಫಲಕ. ಸೂಪರ್ ಮಾರ್ಕೆಟ್, ಜಗತ್ ವೃತ್ತ, ಆಳಂದ ನಾಕಾ, ಕೇಂದ್ರ ಬಸ್‌ ನಿಲ್ದಾಣ, ರೈಲು ನಿಲ್ದಾಣ, ಈ ಸ್ಥಳಗಳಲ್ಲಿ ಬಸ್ಸಿನ ಸಂಖ್ಯೆ, ಹೋಗುವ ಸ್ಥಳ, ಹೊರಡುವ ನಿಮಿಷ ಇವಿಷ್ಟನ್ನು ಸ್ಪಷ್ಟವಾಗಿ ಬರೆದರೆ ಸಾಕು. ಈಗ ಕೈಯಲ್ಲಿಯ ಫೋನಿನಲ್ಲಿ ಎಲ್ಲವೂ ದೊರೆಯುತ್ತದೆಂದು ಹೇಳುವವರುಂಟು. ಮುದುಕರ ಕೈಯಲ್ಲಿ ಆ ಫೋನಿಲ್ಲ. ಇದ್ದರೂ ಬಿಸಿಲಿನಲ್ಲಿ ಅದರ ಅಕ್ಷರ ಕಾಣದು. ಬಣ್ಣವೂ ನೆರವಾದೀತು. ಆಸ್ಪತ್ರೆಯ ಬಸ್ಸಿಗೆ ಒಂದು ಬಣ್ಣ, ವಿಶ್ವವಿದ್ಯಾನಿಲಯದ ಬಸ್ಸಿಗೆ ಒಂದು ಬಣ್ಣವೆಂದಾದರೆ, ಓದುಬಾರದವರಿಗೆ ಅದೇ ಹಳಿ.

ಆದೇಶವಾಗಬೇಕಾದದ್ದು ಟಿಕೇಟು. ಎರಡು ಟಿಕೇಟಿನ ಸ್ಥಾನದಲ್ಲಿ ಒಂದೇ ಟಿಕೇಟು ಬರಬೇಕು. ಜೂರಿಚ್ ನಗರದಲ್ಲಿ 1990ರಿಂದ ರೈಲು, ಟ್ರಾಮು, ಬಸ್ಸು, ಸರೋವರದ ದೋಣಿ ಎಲ್ಲಕ್ಕೂ ಒಂದೇ ಚೀಟಿ ನಡೆಯುತ್ತದೆ. ನಮ್ಮಲ್ಲಿ ಮಹಿಳೆಯರಿಗೆ ಈ ಸಮಸ್ಯೆ ಆಗಲೇ ಅರ್ಧ ಪರಿಹಾರವಾಗಿದೆ. ಎರಡನೆಯ ಬಸ್ಸೂ ಅವರಿಗೆ ಉಚಿತ. ಆದರೆ ಆ ಎರಡನೆಯ ಬಸ್ಸು ಕೈಗೆ ಸಿಕ್ಕರೆ ತಾನೆ ಉಚಿತದ ಪ್ರಯೋಜನ? ಜೊತೆಯಲ್ಲಿ ಬಂದ ಮಗನಿಗೂ, ನಿತ್ಯ ಓಡಾಡುವ ವಿದ್ಯಾರ್ಥಿಗೂ, ಊರಿನಲ್ಲಿ ಪಡೆದ ಟಿಕೇಟೇ ನಗರದ ಬಸ್ಸಿನಲ್ಲಿಯೂ ನಡೆಯುವಂತಾದರೆ ಸಂಧಿಕಾರ್ಯ ಪೂರ್ಣವಾಗುತ್ತದೆ.

ಎರಡು ಆಕ್ಷೇಪಗಳು

ನಗರ ಸಾರಿಗೆಯಿಂದ ನಿಗಮಕ್ಕೆ ನಷ್ಟವೆಂಬುದು ಮೊದಲನೆಯ ಆಕ್ಷೇಪ. ನಷ್ಟವನ್ನು ಎಲ್ಲಿ ಲೆಕ್ಕ ಹಾಕಬೇಕು ಎಂಬುದೇ ಪ್ರಶ್ನೆ. ದೂರದ ಬಸ್ಸಿನಿಂದ ಇಳಿದವನಿಗೆ ನಗರದಲ್ಲಿ ಗತಿಯಿಲ್ಲದಿದ್ದರೆ, ಅವನು ಹೇಗಾದರೂ ಸಾಲ ಮಾಡಿ ಒಂದು ಮೋಟಾರು ಸೈಕಲ್ಲು ಕೊಳ್ಳುತ್ತಾನೆ. ಅಂದಿನಿಂದ ದೂರದ ಬಸ್ಸೂ ಅವನನ್ನು ಕಳೆದುಕೊಂಡಿತು. ನಗರದ ಬೀದಿಗೆ ಇನ್ನೊಂದು ವಾಹನ ಸೇರಿತು. ಆ ಸಂದಣಿಯಲ್ಲಿ ಉಳಿದ ಬಸ್ಸುಗಳೂ ನಿಧಾನವಾದವು. ಈ ನಷ್ಟ ಯಾವ ಖಾತೆಯಲ್ಲಿಯೂ ಕಾಣಿಸುವುದಿಲ್ಲ.

ಆಟೋ ನಡೆಸುವವರ ಹೊಟ್ಟೆಯ ಮೇಲೆ ಹೊಡೆದಂತಾಗುವುದೆಂಬುದು ಎರಡನೆಯದು. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಬಸ್ಸು ನುಗ್ಗಲಾರದ ಗಲ್ಲಿಗಳು ನಮ್ಮ ಹಳೆಯ ನಗರದಲ್ಲಿ ಎಷ್ಟಿಲ್ಲ! ಮುಖ್ಯ ಬೀದಿಗೆ ಬಸ್ಸು, ಗಲ್ಲಿಗೆ ಆಟೋ ಎಂದು ಹಂಚಿಕೊಂಡು, ಬಸ್ಸು ನಿಲ್ಲುವಲ್ಲಿಯೇ ಆಟೋಗಳಿಗೂ ನಿಗದಿಯಾದ ಸ್ಥಳ ಕೊಟ್ಟರೆ ಇಬ್ಬರೂ ಬದುಕಬಹುದು. ಅವರೂ ಈ ಸರಪಳಿಯ ಕೊಂಡಿಗಳೇ.

ಎಲ್ಲಿಂದ ಆರಂಭಿಸೋಣ?

ಎಲ್ಲವನ್ನೂ ಒಂದೇ ದಿನ ಮಾಡಬೇಕಾಗಿಲ್ಲ. ರೈಲು ನಿಲ್ದಾಣ, ಸೂಪರ್ ಮಾರ್ಕೆಟ್, ಕೇಂದ್ರ ಬಸ್‌ ನಿಲ್ದಾಣ, ದೊಡ್ಡ ಆಸ್ಪತ್ರೆಗಳು, ಇವಿಷ್ಟನ್ನು ಸುತ್ತುವ ಒಂದೇ ಒಂದು ಮಾರ್ಗವನ್ನು ಆರಿಸಿ, ಬೆಳಿಗ್ಗೆ ಆರರಿಂದ ರಾತ್ರಿಯ ರೈಲುಗಳ ವೇಳೆಯವರೆಗೆ, ಕಾಲು ಗಂಟೆಗೊಂದರಂತೆ ತಪ್ಪದೆ ಬಸ್ಸು ಓಡಿಸಿ ಒಂದು ವರ್ಷ ನೋಡಬಹುದು. ರೈಲ್ವೆ, ಸಾರಿಗೆ ನಿಗಮ, ಮಹಾನಗರಪಾಲಿಕೆ, ಸಂಚಾರ ಪೋಲೀಸು, ಈ ನಾಲ್ವರೂ ತಿಂಗಳಿಗೊಮ್ಮೆ ಒಂದು ಮೇಜಿನ ಸುತ್ತ ಕುಳಿತು ವೇಳಾಪಟ್ಟಿಗಳನ್ನು ಪಕ್ಕಪಕ್ಕದಲ್ಲಿರಿಸಿ ನೋಡಬೇಕು. ಇಂತಹ ಕೂಟ ಅಸಾಧ್ಯವೇನಲ್ಲ. ಮುಂಬಯಿಯ ಕಡೆಯಿಂದ ಒಂದು ಕಂಪೆನಿಯೂ ಮದರಾಸಿನ ಕಡೆಯಿಂದ ಇನ್ನೊಂದು ಕಂಪೆನಿಯೂ ಹಾಕಿಕೊಂಡು ಬಂದ ಹಳಿಗಳು 1871ರಲ್ಲಿ ನಮ್ಮ ರಾಯಚೂರಿನಲ್ಲಿಯೇ ಕೂಡಿದವು. ಬೇರೆ ಬೇರೆ ಯಜಮಾನರ ಹಳಿಗಳು ಆಗ ಕೂಡಿದವೆಂದ ಮೇಲೆ, ಈಗ ಎರಡು ಗಡಿಯಾರಗಳು ಕೂಡಲಾರವೆ?

ಓದುಗರ ಕರ್ತವ್ಯವೂ ಸ್ವಲ್ಪ ಉಂಟು. ಬಸ್ಸು ತಡವಾಯಿತೆಂದು ನಿಲ್ದಾಣದಲ್ಲಿ ಗೊಣಗುವುದು ನಮಗೆಲ್ಲ ರೂಢಿ. ಯಾವ ಬಸ್ಸು, ಯಾವ ದಿನ, ಎಷ್ಟು ನಿಮಿಷದ ಅಂತರದಲ್ಲಿ ಯಾವ ಬಸ್ಸನ್ನು ತಪ್ಪಿಸಿತು ಎಂದು ಬರೆದು ಘಟಕದ ವ್ಯವಸ್ಥಾಪಕರಿಗೆ ಕೊಟ್ಟವರು ಎಷ್ಟು ಮಂದಿ? ಹತ್ತು ಮನೆಯವರು ಒಂದು ವಾರದ ಮಟ್ಟಿಗೆ ಹೀಗೆ ಬರೆದಿಟ್ಟರೆ, ಅದು ವೇಳಾಪಟ್ಟಿಯನ್ನು ತಿದ್ದಲು ಸಾಲುವಷ್ಟು ಆಧಾರವಾದೀತು. ಮಾದನಹಿಪ್ಪರಗಾದ ಆ ತಾಯಿಗೆ ಅರ್ಜಿ ಬರೆಯಲು ಬಾರದು. ನಮಗೆ ಬರುತ್ತದೆ.